ಹೊಳೆದಂಡೆಯ ಬಂಗಲೆ, ಆನೆಲಾಯದ ಹುಡುಗ

ಕಾರಾಪುರಕ್ಕೆ ಹೋಗುವವರು ಹುಲಿ ನೋಡಲು ಹೋಗುತ್ತಾರೆ. ಕೆಲವು ವರ್ಷಗಳಿಂದ ಅದಕ್ಕೆ ಕರಿಚಿರತೆಯ ಆಸೆಯೂ ಸೇರಿಕೊಂಡಿದೆ. ನನ್ನ ಹೆಂಡತಿಗೂ ಅದೇ ಆಸೆ. ನಾನು ಮಾತ್ರ ಕಬಿನಿ ದಂಡೆಯ ಆ ಹಳೆಯ ಬಂಗಲೆಯಲ್ಲೇ ಉಳಿಯಬೇಕು, ಬೇರೆ ಯಾವ ರೆಸಾರ್ಟೂ ಬೇಡ ಎಂದು ಹಟ ಹಿಡಿದಿದ್ದೆ. ಅದಕ್ಕೆ ಕಾರಣ ಒಬ್ಬ ಹುಡುಗ. ಅವನ ಹೆಸರು ಸಾಬು. 1924ರ ಜನವರಿ 27ರಂದು ಇದೇ ಕಾರಾಪುರದಲ್ಲಿ ಮಹಾರಾಜರ ಮಾವುತನೊಬ್ಬನ ಮಗನಾಗಿ ಹುಟ್ಟಿ, ಇಪ್ಪತ್ತು ತುಂಬುವ ಮೊದಲೇ ಹಾಲಿವುಡ್‌ನ ದೊಡ್ಡ ತಾರೆಗಳಲ್ಲಿ ಒಬ್ಬನಾದವನು.

ಹಾಲಿವುಡ್‌ನ ನಂಟಿರುವ ಮನೆ ಎಂದರೆ ನಾವು ಯಾವುದೋ ಕ್ಯಾಲಿಫೋರ್ನಿಯಾದ ಬೆಟ್ಟದ ಮೇಲಿನ ಬಿಳಿ ಮಹಲನ್ನು ಊಹಿಸಿಕೊಳ್ಳುತ್ತೇವೆ. ಎಚ್.ಡಿ. ಕೋಟೆ ತಾಲ್ಲೂಕಿನ ಹೆಂಚಿನ ಮನೆ ಯಾರ ನೆನಪಿಗೂ ಬರುವುದಿಲ್ಲ. ಮೈಸೂರಿನಿಂದ ಮಾನಂದವಾಡಿ ರಸ್ತೆ ಹಿಡಿದು, ಹ್ಯಾಂಡ್‌ಪೋಸ್ಟ್ ದಾಟಿ, ಅಂತರಸಂತೆ ಕಡೆಗೆ ಹೋಗುವಾಗ ಇಕ್ಕೆಲದಲ್ಲೂ ಹತ್ತಿ, ಹೊಗೆಸೊಪ್ಪು, ಶುಂಠಿ. ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳು ಹೊಲಗಳ ನಡುವೆ ಎತ್ತರಕ್ಕೆ ನಿಂತಿರುತ್ತವೆ. ಆ ಹೊಲಗಳು ಮುಗಿದಲ್ಲಿ ಕಾಡು, ಕಾಡಿನ ಅಂಚಿನಲ್ಲಿ ನೀರು. ಆ ನೀರಿನ ಪಕ್ಕದಲ್ಲಿ ಮೈಸೂರು ಅರಸರ ಬೇಟೆ ಬಂಗಲೆ, ಅದರ ಜೊತೆಗೇ ವೈಸರಾಯ್ ಬಂಗಲೆ. ಈಗ ಅವೆರಡೂ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಕಬಿನಿ ರಿವರ್ ಲಾಡ್ಜ್‌ನ ಭಾಗ. ದಂಡೆಯುದ್ದಕ್ಕೂ ಹೊಸ ಕಾಟೇಜ್‌ಗಳಿವೆ. ಅವುಗಳ ಕಿಟಕಿಯಿಂದ ನೀರು ಇನ್ನೂ ಹತ್ತಿರ ಕಾಣುತ್ತದೆ. ಆದರೂ ನನಗೆ ಬೇಕಿದ್ದದ್ದು ಹಳೆಯ ಗೋಡೆ.

ಹಳೆಯ ಗೋಡೆಗಳ ಬಗ್ಗೆ ನನಗೆ ಪ್ರೀತಿ ಹೆಚ್ಚು. ಏಪ್ರಿಲ್ ಕೊನೆಯ ಬಿಸಿಲಿನಲ್ಲಿ ಹೊರಗಿನಿಂದ ಬಂದು ಆ ಕೋಣೆಯೊಳಗೆ ಕಾಲಿಟ್ಟರೆ ಮೊದಲು ಅಂಗಾಲಿಗೆ ತಂಪು ತಿಳಿಯುತ್ತದೆ. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ದಂಡೆಯ ಮೇಲೆ ಒಬ್ಬರು ಕಾಲು ಮಡಿಸಿ ಕೂರಬಹುದು. ಮೇಲೆ ಹೆಂಚು, ಮುಂದೆ ಅಗಲವಾದ ಜಗಲಿ, ಜಗಲಿಯ ಎದುರಿಗೆ ದೊಡ್ಡ ದೊಡ್ಡ ಮರಗಳು. ಅವುಗಳ ಸಂದಿನಿಂದ ಹಿನ್ನೀರು. ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂತರೆ ಎದ್ದೇಳಲು ಮನಸ್ಸು ಬರುವುದಿಲ್ಲ. ಇಂಥ ಕಟ್ಟಡಗಳನ್ನು ಕಟ್ಟಿಸಿದವರಿಗೆ ಇಲ್ಲಿನ ಬಿಸಿಲು, ಮಳೆ ಎರಡೂ ಗೊತ್ತಿದ್ದವು. ಈಗ ಗಾಜಿನ ಗೋಡೆ ಹಾಕಿ ಒಳಗೆ ಏಸಿ ಓಡಿಸುವವರಿಗೆ ಈ ಜಗಲಿಯನ್ನು ಒಮ್ಮೆ ತೋರಿಸಬೇಕು.

ಈ ಲಾಡ್ಜ್‌ನ ಮಾತು ಬಂದರೆ ಕರ್ನಲ್ ಜಾನ್ ವೇಕ್‌ಫೀಲ್ಡ್ ಅವರನ್ನು ಬಿಡುವಂತಿಲ್ಲ. ಬಿಹಾರದ ಗಯಾದಲ್ಲಿ ಹುಟ್ಟಿದ ಇಂಗ್ಲಿಷ್ ಮನುಷ್ಯ. ಯೌವನದಲ್ಲಿ ಶಿಕಾರಿ, ಆಮೇಲೆ ಸೈನಿಕ, ಕೊನೆಗೆ ಕಾಡು ಕಾಯುವವರ ಪಕ್ಷ. 1980ರಲ್ಲಿ ಜಂಗಲ್ ಲಾಡ್ಜಸ್ ಶುರುವಾದ ಮೇಲೆ ಇಲ್ಲಿಗೆ ಬಂದವರು ಇಲ್ಲೇ ಉಳಿದುಬಿಟ್ಟರು. ಎಲ್ಲರ ಬಾಯಲ್ಲೂ ‘ಪಾಪಾ’. ತೊಂಬತ್ತು ದಾಟಿದ ಮೇಲೂ ಕಾಡಿಗೆ ಹೋಗಿಬಂದವರನ್ನು ಕೂರಿಸಿಕೊಂಡು ಏನು ಕಂಡಿರಿ ಎಂದು ಕೇಳುತ್ತಿದ್ದರಂತೆ. 2010ರಲ್ಲಿ ತೀರಿಕೊಂಡರು. ಕಬಿನಿ ಕಾಡನ್ನು ಹೊರಜಗತ್ತಿಗೆ ಪರಿಚಯಿಸಿದವರಲ್ಲಿ ಅವರದು ದೊಡ್ಡ ಹೆಸರು, ಆ ಹೆಸರು ಉಳಿದಿದೆ. ಅದು ಸರಿಯಾಗಿಯೇ ಇದೆ.

ಇಷ್ಟಕ್ಕೂ ಅರಸರಿಗೆ ಇಲ್ಲೊಂದು ಬಂಗಲೆ ಯಾಕೆ ಬೇಕಾಯಿತು? ಹುಲಿ ಬೇಟೆ ಒಂದು ಕಾರಣ. ಇನ್ನೊಂದು, ಖೆಡ್ಡಾ. ಈ ಕಾಕನಕೋಟೆ ಕಾಡಿನಲ್ಲಿ ಆನೆಗಳನ್ನು ಹಿಂಡುಹಿಂಡಾಗಿ ಹಿಡಿಯುತ್ತಿದ್ದರು. ಮಾಸ್ತಿಯವರು ನಾಟಕ ಬರೆದದ್ದು ಇದೇ ಕಾಕನಕೋಟೆಯ ಮೇಲೆ. ಹೈದರಾಲಿ ತನ್ನ ಸೈನ್ಯ ಹಚ್ಚಿ ಇಲ್ಲಿ ಆನೆ ಹಿಡಿಯಲು ನೋಡಿ, ಆಗದೆ, ಇನ್ನು ಮುಂದೆ ಯಾರಿಗೂ ಇದು ಸಾಧ್ಯವಿಲ್ಲ, ಪ್ರಯತ್ನಿಸಿದವರಿಗೆ ಶಾಪ ತಟ್ಟಲಿ ಎಂದು ಕಲ್ಲಿನ ಮೇಲೆ ಕೆತ್ತಿಸಿದ್ದನೆಂದು ಸ್ಯಾಂಡರ್ಸನ್ ಬರೆದಿದ್ದಾನೆ. ಜಿ.ಪಿ. ಸ್ಯಾಂಡರ್ಸನ್ ಮೈಸೂರು ಸರ್ಕಾರದ ನೀರಾವರಿ ಕೆಲಸದಲ್ಲಿದ್ದ ಇಂಗ್ಲಿಷ್ ಅಧಿಕಾರಿ. 1874ರಲ್ಲಿ ಚಾಮರಾಜನಗರದ ಕಡೆ ಅವನು ಖೆಡ್ಡಾವನ್ನು ಮಾಡಿ ಗೆದ್ದ. ಅದೇ ಪದ್ಧತಿ ಆಮೇಲೆ ಕಾಕನಕೋಟೆಗೂ ಬಂತು. ಕಬಿನಿ ಹೊಳೆ ಇದ್ದುದರಿಂದ ಇಲ್ಲಿನ ಖೆಡ್ಡಾಕ್ಕೆ ಬೇರೆಲ್ಲೂ ಇಲ್ಲದ ಕಳೆ ಬಂತು.

ಕಾಡಿನ ಕುರುಬರು ಜಾಡು ಹಿಡಿದು ಹಿಂಡು ಎಲ್ಲಿದೆ ಎಂದು ಗುರುತಿಸುತ್ತಿದ್ದರು. ಅವರಿಲ್ಲದೆ ಯಾವ ಸಾಹೇಬನಿಗೂ ಆನೆಯ ಬಾಲ ಕೂಡ ಕಾಣುತ್ತಿರಲಿಲ್ಲ. ಆಮೇಲೆ ನೂರಾರು ಜನ ಸುತ್ತುಗಟ್ಟಿ, ತಮಟೆ ಬಾರಿಸಿ, ಬೆಂಕಿ ಹಚ್ಚಿ, ಗುಂಡು ಹಾರಿಸಿ, ಕೂಗಿ ಕೂಗಿ ಹಿಂಡನ್ನು ಹೊಳೆಯ ಕಡೆಗೆ ಅಟ್ಟುವುದು. ಮರಿಗಳನ್ನು ನಡುವೆ ಇಟ್ಟುಕೊಂಡು ತಾಯಾನೆಗಳು ನೀರಿಗಿಳಿಯುತ್ತಿದ್ದವು. ಈಚೆ ದಡದಲ್ಲಿ ದಪ್ಪ ದಿಮ್ಮಿಗಳ ಆವರಣ, ಅದರ ಬಾಗಿಲನ್ನು ಹಗ್ಗದಲ್ಲಿ ಮೇಲೆ ತೂಗುಹಾಕಿರುತ್ತಿದ್ದರು. ಕೊನೆಯ ಆನೆ ಒಳಹೊಕ್ಕೊಡನೆ ಹಗ್ಗ ಕಡಿದರೆ ಬಾಗಿಲು ಬೀಳುತ್ತಿತ್ತು. ಪಳಗಿದ ಕುಮ್ಕಿ ಆನೆಗಳ ಮೇಲೆ ಕೂತ ಮಾವುತರು ಒಳಗೆ ಹೋಗಿ ಒಂದೊಂದರ ಕಾಲಿಗೂ ಹಗ್ಗ ಬಿಗಿಯುತ್ತಿದ್ದರು. ಜೀವ ಒತ್ತೆಯಿಡುವ ಕೆಲಸ ಅದು. ಎತ್ತರದ ಗ್ಯಾಲರಿಯಲ್ಲಿ ಕೂತು ನೋಡುತ್ತಿದ್ದವರು ಮಹಾರಾಜರು, ವೈಸರಾಯ್‌ಗಳು, ಯೂರೋಪಿನ ರಾಜಕುಮಾರರು. ಇತಿಹಾಸದ ಪುಸ್ತಕಗಳಲ್ಲಿ ಗ್ಯಾಲರಿಯಲ್ಲಿ ಕೂತವರ ಹೆಸರು ಒಂದೂ ಬಿಟ್ಟುಹೋಗಿಲ್ಲ. ಒಳಗೆ ಹಗ್ಗ ಹಿಡಿದು ನುಗ್ಗಿದವರ ಹೆಸರು ಹುಡುಕಿದರೆ ಒಂದೂ ಸಿಗುವುದಿಲ್ಲ. ಆ ಹೆಸರಿಲ್ಲದ ಮಾವುತರಲ್ಲೊಬ್ಬನ ಮಗ ಸಾಬು.

ತಾಯಿ ಅವನು ಹಸುಗೂಸಾಗಿದ್ದಾಗಲೇ ಹೋದಳು. ಆರೇಳರ ವಯಸ್ಸಿಗೆ ತಂದೆಯೂ ಹೋದ. ಅಣ್ಣ ದಸ್ತಗೀರನೊಬ್ಬನೇ ದಿಕ್ಕು. ಮೈಸೂರಿನ ಅರಮನೆಯ ಆನೆ ಲಾಯವೇ ಮನೆಯಾಯಿತು. ತಬ್ಬಲಿ ಹುಡುಗನಿಗೆ ಆನೆಗಳ ನಡುವೆ ಬದುಕು ಹೇಗಿತ್ತೋ ಅವನೇ ಬರೆದಿಡಲಿಲ್ಲ. ಆದರೆ ಆನೆಯ ಹತ್ತಿರ ಅವನಿಗಿದ್ದ ಸಲಿಗೆ ಚಿತ್ರದಲ್ಲಿ ಉಳಿದಿದೆ. ಅದನ್ನು ಯಾವ ನಿರ್ದೇಶಕನೂ ಹೇಳಿಕೊಟ್ಟದ್ದಲ್ಲ.

1935ರಲ್ಲಿ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದ. 1922ರ ‘ನಾನೂಕ್ ಆಫ್ ದಿ ನಾರ್ತ್’ ಮಾಡಿ ಸಾಕ್ಷ್ಯಚಿತ್ರಕ್ಕೆ ದಾರಿ ಹಾಕಿಕೊಟ್ಟ ಅಮೆರಿಕನ್. ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ ಅವನನ್ನು ಕಿಪ್ಲಿಂಗನ ‘ಜಂಗಲ್ ಬುಕ್’ ಸಂಕಲನದ ತೂಮಾಯಿಯ ಕತೆಯನ್ನು ಸಿನಿಮಾ ಮಾಡಲು ಕಳಿಸಿದ್ದ. ಮೈಸೂರನ್ನೇ ಯಾಕೆ ಆರಿಸಿಕೊಂಡರು ಎಂಬುದಕ್ಕೆ ಉತ್ತರ ಸುಲಭ. ಇಷ್ಟು ಆನೆ, ಇಷ್ಟು ಕಾಡು, ಕೇಳಿದ್ದನ್ನು ಒದಗಿಸುವ ಆಡಳಿತ ಎಲ್ಲ ಒಂದೇ ಕಡೆ ಬೇರೆಲ್ಲಿ ಸಿಕ್ಕೀತು? ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ಮಿರ್ಜಾ ಇಸ್ಮಾಯಿಲರು ದಿವಾನರು. ಆನೆಗಳನ್ನೂ ಮಾವುತರನ್ನೂ ಮಹಾರಾಜರು ಕೊಟ್ಟರು. ಫ್ಲಾಹರ್ಟಿಯ ಹೆಂಡತಿ ಫ್ರಾನ್ಸಿಸ್ ಇಲ್ಲಿನ ದಿನಗಳ ಬಗ್ಗೆ ‘ಎಲಿಫೆಂಟ್ ಡಾನ್ಸ್’ ಎಂಬ ಪುಸ್ತಕವನ್ನೇ ತಂದಳು.

ಇದೇ ಹೊತ್ತಿನಲ್ಲಿ ಕನ್ನಡ ಚಿತ್ರರಂಗ ಎಲ್ಲಿತ್ತು ಎಂದು ಯೋಚಿಸುತ್ತೇನೆ. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆ ಕಂಡದ್ದು 1934ರಲ್ಲಿ. ಇಲ್ಲಿ ಸ್ಟುಡಿಯೋ ಇರಲಿಲ್ಲ, ಚಿತ್ರೀಕರಣಕ್ಕೆ ನಮ್ಮವರು ಕೊಲ್ಲಾಪುರಕ್ಕೆ ಹೋಗಬೇಕಾಯಿತು. ನಮ್ಮ ಸಿನಿಮಾ ಊರು ಬಿಟ್ಟು ಹೊರಗೆ ಹೋಗಿ ತಯಾರಾಗುತ್ತಿದ್ದ ಕಾಲಕ್ಕೆ ಲಂಡನ್ನಿನ ಸಿನಿಮಾ ನಮ್ಮ ಊರಿಗೆ ಬಂತು. ಬಂದು ನಮ್ಮ ಹುಡುಗನೊಬ್ಬನನ್ನು ಕರೆದುಕೊಂಡು ಹೋಯಿತು.

ತೂಮಾಯಿ ಪಾತ್ರಕ್ಕೆ ಹುಡುಗ ಬೇಕಿತ್ತು. ಛಾಯಾಗ್ರಾಹಕ ಓಸ್ಮಂಡ್ ಬೊರಾಡೇಲ್ ಆನೆ ಲಾಯದಲ್ಲಿ ಸಾಬುವನ್ನು ಕಂಡ. ಹನ್ನೊಂದು ಹನ್ನೆರಡರ ಹುಡುಗ, ಹೊಳೆಯುವ ಕಣ್ಣು, ಅಂಜಿಕೆಯೇ ಇಲ್ಲ. ಕಾಲಾ ನಾಗ್ ಆನೆಯ ಪಾತ್ರಕ್ಕೆ ಮಹಾರಾಜರ ಐರಾವತ ನಿಂತಿತು. ಫ್ಲಾಹರ್ಟಿ ಮೈಸೂರಿನ ಸುತ್ತ ಐವತ್ತು ಗಂಟೆಗೂ ಮೀರಿ ಓಡುವಷ್ಟು ಫಿಲ್ಮ್ ತೆಗೆದ. ಕೊರ್ಡಾನಿಗೆ ಖರ್ಚು ನೋಡಿ ಗಾಬರಿಯಾಯಿತು. ಉಳಿದದ್ದನ್ನು ಇಂಗ್ಲೆಂಡಿನ ಡೆನಮ್ ಸ್ಟುಡಿಯೋದಲ್ಲಿ ತಮ್ಮ ಜೋಲ್ಟಾನ್ ಕೊರ್ಡಾನ ಕೈಯಲ್ಲಿ ಮುಗಿಸಿದರು. ಸಾಬುವೂ ಅಣ್ಣನೂ ಹಡಗು ಹತ್ತಿದರು. 1937ರಲ್ಲಿ ‘ಎಲಿಫೆಂಟ್ ಬಾಯ್’ ಬಿಡುಗಡೆಯಾಯಿತು. ವೆನಿಸ್ ಚಿತ್ರೋತ್ಸವದಲ್ಲಿ ಇಬ್ಬರು ನಿರ್ದೇಶಕರಿಗೂ ಸೇರಿ ಪ್ರಶಸ್ತಿ ಬಂತು.

ಆ ಚಿತ್ರವನ್ನು ಲ್ಯಾಪ್‌ಟಾಪ್‌ನಲ್ಲಿ ತುಂಬಿಸಿಕೊಂಡು ಹೋಗಿದ್ದೆ. ಊಟ ಮುಗಿಸಿ, ಜಗಲಿಯ ದೀಪ ಆರಿಸಿ, ನಾನೂ ಹೆಂಡತಿಯೂ ನೋಡಲು ಕೂತೆವು. ಶುರುವಿನಲ್ಲೇ ಆ ಹುಡುಗ ನೇರ ನಮ್ಮ ಕಡೆ ತಿರುಗಿ ತನ್ನ ಕತೆ ಹೇಳಲು ತೊಡಗುತ್ತಾನೆ. ಹೊಸದಾಗಿ ಕಲಿತ ಇಂಗ್ಲಿಷ್, ಒಂದೊಂದು ಮಾತನ್ನೂ ಜೋಪಾನವಾಗಿ ಇಡುತ್ತಾನೆ. ತಲೆಗೆ ಮುಂಡಾಸು, ಮೈಮೇಲೆ ಬಟ್ಟೆಯಿಲ್ಲ. ಆದರೆ ಮಾತು ಮುಗಿಸಿ ಆನೆ ಹತ್ತಿದ ಮೇಲೆ ಅವನೇ ಬೇರೆ. ಐರಾವತ ಸೊಂಡಿಲು ಬಾಗಿಸುತ್ತದೆ, ಇವನು ಅದರ ಮೇಲೆ ಕಾಲಿಡುತ್ತಾನೆ, ಆನೆ ಎತ್ತುತ್ತದೆ, ಇವನು ಕುಂಭಸ್ಥಳ ದಾಟಿ ಕತ್ತಿನ ಮೇಲೆ ಕೂತಾಗಿರುತ್ತದೆ. ಇಷ್ಟೂ ಒಂದೇ ಉಸಿರಿಗೆ. ನಾನು ಅದನ್ನು ಹಿಂದಕ್ಕೆ ಓಡಿಸಿ ಮತ್ತೆ ಮತ್ತೆ ನೋಡಿದೆ. ಕೂತ ಕೂಡಲೇ ಅವನ ಕಾಲಿನ ಎರಡು ಹೆಬ್ಬೆರಳೂ ಆನೆಯ ಕಿವಿಯ ಹಿಂದೆ ಸೇರಿಕೊಳ್ಳುತ್ತವೆ. ಮಾವುತ ಆನೆಯೊಂದಿಗೆ ಮಾತಾಡುವುದು ಬಾಯಿಗಿಂತ ಹೆಚ್ಚಾಗಿ ಅಲ್ಲಿಂದಲೇ. ಎಡಗಾಲಿನ ಬೆರಳು ಒತ್ತಿದರೆ ಒಂದು ಅರ್ಥ, ಬಲಗಾಲಿನದು ಒತ್ತಿದರೆ ಇನ್ನೊಂದು. ಲಂಡನ್ನಿನ ಪ್ರೇಕ್ಷಕರು ಹುಡುಗನ ನಗುವಿಗೆ ಮನಸೋತರು, ಪತ್ರಿಕೆಗಳೂ ಅದನ್ನೇ ಬರೆದವು. ನನ್ನನ್ನು ಕೇಳಿದರೆ ಆ ಚಿತ್ರದಲ್ಲಿ ನೋಡಬೇಕಾದದ್ದು ಅವನ ಕಾಲ್ಬೆರಳು. ಆ ಬೆರಳಿನಲ್ಲಿ ಅವನ ತಂದೆ ಇದ್ದಾನೆ, ತಾತ ಇದ್ದಾನೆ.

ಕತೆಯಲ್ಲಿ ಅಂಥ ಗಟ್ಟಿತನವಿಲ್ಲ. ಸ್ಟುಡಿಯೋದಲ್ಲಿ ತೆಗೆದ ಭಾಗಗಳಲ್ಲಿ ಸಾಹೇಬರು ಬಂದು ಭಾಷಣ ಮಾಡಿದಂತೆ ಮಾತಾಡುತ್ತಾರೆ. ಮಾವುತರ ಪಾತ್ರ ಮಾಡಿದವರಲ್ಲಿ ಹಲವರು ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯರು. ಅದನ್ನು ನೋಡುವಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಆದರೆ ಫ್ಲಾಹರ್ಟಿ ಇಲ್ಲಿ ತೆಗೆದ ಭಾಗ ಬಂತೆಂದರೆ ತೆರೆ ಉಸಿರಾಡಲು ತೊಡಗುತ್ತದೆ. ಆನೆಗಳು ಹೊಳೆ ದಾಟುವುದು, ಬಿದಿರಿನ ಮೆಳೆ, ರಸ್ತೆಯಲ್ಲಿ ಮಲಗಿದ ಕೂಸನ್ನು ತುಳಿಯದೆ ಆನೆ ಹೆಜ್ಜೆ ಎತ್ತಿಡುವುದು. ಒಂದು ಕಡೆ ಹುಡುಗ ಭಾರೀ ಜೈನ ಮೂರ್ತಿಯೊಂದರ ಮುಂದೆ ನಿಂತು ತನ್ನನ್ನು ದೊಡ್ಡ ಬೇಟೆಗಾರನನ್ನಾಗಿ ಮಾಡು ಎಂದು ಬೇಡಿಕೊಳ್ಳುತ್ತಾನೆ. ಹೊರದೇಶದವರಿಗೆ ಅದು ಯಾವುದೋ ಪೂರ್ವದೇಶದ ಕಲ್ಲಿನ ದೇವರು. ಕನ್ನಡಿಗರಿಗೆ ಆ ನಿಲುವಿನ ಗುರುತು ಹೇಳಬೇಕಾಗಿಲ್ಲ. ಮಾವುತರ ಮುಸ್ಲಿಂ ಹುಡುಗ, ಹಿಂದೂ ಹುಡುಗನ ಪಾತ್ರದಲ್ಲಿ, ಗೊಮ್ಮಟನ ಕಾಲ ಬಳಿ. ಆ ದೃಶ್ಯ ಬಂದಾಗ ಹೆಂಡತಿ, “ರೀ, ಒಂದ್ನಿಮಿಷ ನಿಲ್ಸಿ ಅಲ್ಲಿ” ಅಂದಳು. ನಿಲ್ಲಿಸಿದೆ. ಅವಳು ತುಂಬ ಹೊತ್ತು ನೋಡಿದಳು.

ಬೆಳಿಗ್ಗೆ ದೋಣಿಗೆ ಹೋದೆವು. ಬೇಸಿಗೆಯಲ್ಲಿ ಹಿನ್ನೀರು ಇಳಿಯುತ್ತದೆ. ಇಳಿದ ಕಡೆ ಹಸಿರು ಹುಲ್ಲು ಚಿಗುರುತ್ತದೆ. ಕಾಡಿನೊಳಗೆ ಕೆರೆಕಟ್ಟೆ ಒಣಗಿರುತ್ತವೆ. ಅದಕ್ಕೇ ನಾಗರಹೊಳೆ, ಬಂಡೀಪುರ, ವಯನಾಡು ಎಲ್ಲ ಕಡೆಯ ಆನೆಗಳೂ ಈ ದಂಡೆಗೆ ಬರುತ್ತವೆ. ಏಷ್ಯಾದಲ್ಲಿ ಇಷ್ಟೊಂದು ಆನೆಗಳು ಒಟ್ಟಿಗೆ ಕಾಣುವ ಜಾಗ ಅಪರೂಪ. ನೀರಿನ ನಡುವೆ ಐವತ್ತು ವರ್ಷಗಳ ಹಿಂದೆ ಮುಳುಗಿ ಸತ್ತ ಮರಗಳು ಬೋಳಾಗಿ ನಿಂತಿದ್ದವು, ಒಂದೊಂದರ ತುದಿಯಲ್ಲೂ ರೆಕ್ಕೆ ಒಣಗಿಸಿಕೊಳ್ಳುವ ನೀರುಕಾಗೆ. ದೂರದ ದಿಬ್ಬದಲ್ಲಿ ಹಿಂಡೊಂದು ಮೇಯುತ್ತಿತ್ತು. ಅದರಲ್ಲಿ ಒಂದು ಮರಿ ತಾಯಿಯ ಹೊಟ್ಟೆಯಡಿಯಿಂದ ಈಚೆ ಬಂದು ನಮ್ಮನ್ನು ನೋಡಿ ಮತ್ತೆ ಒಳಗೆ ಹೋಯಿತು.

ದೋಣಿಯಲ್ಲಿ ಹುಟ್ಟು ಹಾಕುವವರ ಜೊತೆ ಒಬ್ಬ ವಯಸ್ಸಾದವರೂ ಬಂದಿದ್ದರು. ಇದೇ ಸೀಮೆಯವರು. ಖೆಡ್ಡಾ ಎಲ್ಲಿ ನಡೆಯುತ್ತಿತ್ತು ಎಂದು ಕೇಳಿದೆ.

“ನಾವೀಗ ಎಲ್ಲಿದ್ದೀವೋ ಇದರ ಕೆಳಗೇ ಕಣ್ ಸಾರ್ ಹಳೇ ಹೊಳೆ. ಆ ಮರ ಕಾಣ್ತದಲ್ಲ, ಅಲ್ಲಿಂದ ಈ ಕಡೆಗೆ ಆನೆ ಇಳೀತಿದ್ವಂತೆ. ನಮ್ ತಾತ ತಮಟೆ ಹೊಡೆಯೋಕೆ ಹೋಯ್ತಿದ್ರು.”

“ಯಜಮಾನ್ರೇ, ಸಾಬು ಅಂತ ಒಬ್ಬ ಹುಡುಗ ಇದ್ದ, ಕಾರಾಪುರದವನು. ಸಿನಿಮಾದಲ್ಲಿ ಆನೆ ಮೇಲೆ ಕೂತ್ಕೊಂಡು…”

“ಹೂಂ ಹೂಂ, ಮಾವುತರ ಹೈದ. ಸೀಮೆಗೆ ಕರ್ಕೊಂಡೋದ್ರು ಅಂತ ನಮ್ಮಪ್ಪ ಹೇಳೋರು.” ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, “ಆಮೇಲೆ ವಾಪಸ್ ಬಂದ್ರಾ ಸಾರ್?”

ಇಲ್ಲ, ಬಂದು ನೆಲೆಸಲಿಲ್ಲ. ನಾನು ಅವರಿಗೆ ಗೊತ್ತಿದ್ದಷ್ಟು ಹೇಳಿದೆ. ಮೊದಲು ಇಂಗ್ಲೆಂಡಿನಲ್ಲಿ ಶಾಲೆಗೆ ಸೇರಿಸಿದರು. 1938ರಲ್ಲಿ ‘ದಿ ಡ್ರಮ್’. ಆಮೇಲೆ ‘ದಿ ಥೀಫ್ ಆಫ್ ಬಾಗ್ದಾದ್’ ಶುರುವಾದಾಗ ಯುದ್ಧ ಬಂತು, ಲಂಡನ್ನಿನಲ್ಲಿ ಮುಗಿಸಲಾಗದೆ ಚಿತ್ರೀಕರಣ ಹಾಲಿವುಡ್‌ಗೆ ಹೋಯಿತು, ಸಾಬುವೂ ಹೋದ. 1940ರಲ್ಲಿ ಬಂದ ಆ ಚಿತ್ರಕ್ಕೆ ಮೂರು ಆಸ್ಕರ್. ಕಳ್ಳ ಹುಡುಗ ಅಬುವಾಗಿ ಅವನು ಸೀಸೆಯಿಂದ ಭೂತವನ್ನು ಬಿಡುವ ದೃಶ್ಯವನ್ನು ಈಗ ನೋಡಿದರೂ ಮಕ್ಕಳು ಕಣ್ಣರಳಿಸುತ್ತಾರೆ. 1942ರಲ್ಲಿ ‘ಜಂಗಲ್ ಬುಕ್’ನ ಮೌಗ್ಲಿ. ಲಾಸ್ ಏಂಜಲೀಸ್ ಹೊರವಲಯದಲ್ಲಿ ಅವನಿಗಾಗಿ ಕಾಡು ನೆಟ್ಟರು. ನಿಜವಾದ ಕಾಡಿನಿಂದ ಹೋದ ಹುಡುಗ ನೆಟ್ಟ ಕಾಡಿನಲ್ಲಿ ಕಾಡಿನ ಹುಡುಗನಾಗಿ ಅಭಿನಯಿಸಿದ. ಆ ಚಿತ್ರಕ್ಕೆ ಮಿಕ್ಲೋಷ್ ರೋಜಾ ಕೊಟ್ಟ ಸಂಗೀತ ಗ್ರಾಮಫೋನ್ ತಟ್ಟೆಗಳಲ್ಲಿ ಬಂದಾಗ ಕತೆ ಹೇಳುವ ದನಿ ಸಾಬುವಿನದೇ.

ಅಲ್ಲಿಂದ ಮುಂದೆ ಹಾಲಿವುಡ್ ಅವನನ್ನು ಅದೇ ಅಚ್ಚಿಗೆ ಹಾಕಿ ತೆಗೆಯತೊಡಗಿತು. ಯೂನಿವರ್ಸಲ್ ಕಂಪನಿಯ ‘ಅರೇಬಿಯನ್ ನೈಟ್ಸ್’, ‘ವೈಟ್ ಸ್ಯಾವೇಜ್’, ‘ಕೋಬ್ರಾ ವುಮನ್’. ಒಮ್ಮೆ ಅರಬ್ಬಿ, ಇನ್ನೊಮ್ಮೆ ದಕ್ಷಿಣ ಸಮುದ್ರದ ದ್ವೀಪದವನು. ಕಂದು ಮೈಯವನು ಯಾವ ದೇಶದವನಾದರೇನು ಎಂಬ ಧೋರಣೆ. ನಾಯಕ ಬೇರೊಬ್ಬ, ಸಾಬು ಅವನ ಗೆಳೆಯ. 1947ರ ‘ಬ್ಲ್ಯಾಕ್ ನಾರ್ಸಿಸಸ್’ನಲ್ಲಿ ಮಾತ್ರ ಪೊವೆಲ್ ಮತ್ತು ಪ್ರೆಸ್‌ಬರ್ಗರ್ ಅವನಿಗೆ ರೇಷ್ಮೆ ಉಡಿಸಿ, ಒಡವೆ ತೊಡಿಸಿ, ರಾಜಮನೆತನದ ಯುವಕನನ್ನಾಗಿ ನಿಲ್ಲಿಸಿದರು. ಆ ಪಾತ್ರ ನೋಡಿದವರಿಗೆ ಅವನಲ್ಲಿ ಎಂಥ ನಟನಿದ್ದ ಎಂಬುದು ಗೊತ್ತಾಗುತ್ತದೆ. ಅದನ್ನು ಬೆಳೆಯಗೊಡಲಿಲ್ಲ ಎನ್ನುವುದೇ ನನಗೆ ಹಾಲಿವುಡ್ ಮೇಲಿರುವ ದೊಡ್ಡ ದೂರು.

ಅವನ ಬದುಕಿನಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದ ಭಾಗ ಸಿನಿಮಾದ್ದಲ್ಲ. ಭಾರತೀಯರಿಗೆ ಅಮೆರಿಕದ ಪೌರತ್ವದ ಬಾಗಿಲು ಮುಚ್ಚಿದ್ದ ಕಾಲದಲ್ಲಿ, 1944ರಲ್ಲಿ, ಅವನು ಅಲ್ಲಿನ ಪೌರನಾದ, ಅಲ್ಲಿನ ವಾಯುಸೇನೆ ಸೇರಿ ದುಡಿದ. ಸ್ಟುಡಿಯೋದವರು ಫೋಟೋ ತೆಗೆಸಿ ಮನೆಗೆ ಕಳಿಸುವಂಥ ಸೇವೆಯಲ್ಲ. ಬಿ–24 ಲಿಬರೇಟರ್ ಬಾಂಬರ್ ವಿಮಾನದ ಫಿರಂಗಿಗೂಡಿನಲ್ಲಿ ಕೂತು ಪೆಸಿಫಿಕ್ ಸಮುದ್ರದ ಮೇಲೆ ಹತ್ತಾರು ಸಲ ಯುದ್ಧಕ್ಕೆ ಹಾರಿದ. ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದ. ಕಾಕನಕೋಟೆಯ ಆವರಣದೊಳಗೆ ಹಗ್ಗ ಹಿಡಿದು ಇಳಿಯುತ್ತಿದ್ದವರ ಕುಲದ ಹುಡುಗ ಅವನು. ಎಲ್ಲಿ ಹೋದರೂ ಗ್ಯಾಲರಿಯಲ್ಲಿ ಕೂರುವವನಲ್ಲ.

ಯುದ್ಧ ಮುಗಿದ ಮೇಲೆ ಪಾತ್ರಗಳು ಕಡಿಮೆಯಾದವು. ಮರಿಲಿನ್ ಕೂಪರ್ ಎಂಬ ನಟಿಯನ್ನು ಮದುವೆಯಾದ, ಇಬ್ಬರು ಮಕ್ಕಳು. ಸರ್ಕಸ್ಸಿನಲ್ಲಿ ಆನೆಗಳ ಜೊತೆ ಪ್ರದರ್ಶನ ಕೊಟ್ಟ. ಮೆಹಬೂಬ್ ಖಾನರು ‘ಮದರ್ ಇಂಡಿಯಾ’ ಚಿತ್ರದ ಬಿರ್ಜು ಪಾತ್ರಕ್ಕೆ ಮೊದಲು ಅವನನ್ನೇ ಎಣಿಸಿದ್ದರು. ಇಲ್ಲಿ ಕೆಲಸ ಮಾಡಲು ಅನುಮತಿ ಸಿಗಲಿಲ್ಲ, ಪಾತ್ರ ಸುನಿಲ್ ದತ್ ಪಾಲಾಯಿತು. ಅದೊಂದು ಅನುಮತಿ ಸಿಕ್ಕಿದ್ದರೆ! ಕೊನೆಗೂ ಒಂದೇ ಒಂದು ಭಾರತೀಯ ಚಿತ್ರದಲ್ಲೂ ಅವನು ನಟಿಸಲಿಲ್ಲ. 1960ರಲ್ಲಿ ಅಣ್ಣ ದಸ್ತಗೀರ್ ದರೋಡೆಯೊಂದರಲ್ಲಿ ಕೊಲೆಯಾದ. 1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್‌ನಲ್ಲಿ ಹೃದಯಾಘಾತದಿಂದ ಸಾಬು ಹೋದ. ವಯಸ್ಸು ಮೂವತ್ತೊಂಬತ್ತು. ಹಾಲಿವುಡ್‌ನ ಫಾರೆಸ್ಟ್ ಲಾನ್ ಸ್ಮಶಾನದಲ್ಲಿ ಅವನ ಸಮಾಧಿಯಿದೆ. ಅಲ್ಲಿನ ರಸ್ತೆಯ ಕಲ್ಲುಹಾಸಿನಲ್ಲಿ ಅವನ ಹೆಸರಿನ ನಕ್ಷತ್ರವೂ ಇದೆ.

“ಮೂವತ್ತೊಂಬತ್ತಾ?” ಎಂದರು ಯಜಮಾನರು. “ಆನೆಗಾದ್ರೆ ಅದು ನಡುಪ್ರಾಯ ಸಾರ್.”

ಹೊಳೆಯ ಪಾಲಿಗೆ ಅದರ ಮುಂದಿನ ದಶಕ ಕೊನೆಯದು. 1971ರ ಖೆಡ್ಡಾವೇ ಕಾಕನಕೋಟೆಯ ಕಡೆಯ ಖೆಡ್ಡಾ. ಬೀಚನಹಳ್ಳಿ ಹತ್ತಿರ ಕಟ್ಟಿದ ಅಣೆಕಟ್ಟು 1974ರಲ್ಲಿ ಮುಗಿದು ನೀರು ನಿಂತಿತು. ಊರುಗಳು, ಗದ್ದೆಗಳು, ಕಾಡಿನ ದೊಡ್ಡ ಭಾಗ ಎಲ್ಲ ಮುಳುಗಿದವು. ಪುನ್ನಾಟ ಅರಸರ ರಾಜಧಾನಿಯಾಗಿದ್ದ ಕಿತ್ತೂರೂ ಮುಳುಗಿತು. ಅಣೆಕಟ್ಟಿನ ನೀರಿನಿಂದ ಕೆಳಗಿನ ಸೀಮೆಯ ಎಷ್ಟೋ ಹೊಲಗಳು ಹಸಿರಾದವು, ಅದೂ ನಿಜ. ಎತ್ತಂಗಡಿಯಾದವರ ಹಾಡಿಗಳನ್ನು ರಸ್ತೆಯ ಬದಿಯಲ್ಲಿ ಇವತ್ತೂ ಕಾಣಬಹುದು. ಆನೆ ಜಾಡು ಹಿಡಿಯಲು ಯಾರಿಲ್ಲದೆ ಖೆಡ್ಡಾವೇ ಇರಲಿಲ್ಲವೋ ಆ ಕುರುಬರು ಈಗ ಆ ಕಾಡಿನ ಹೊರಗಿದ್ದಾರೆ.

ಖೆಡ್ಡಾ ನಿಂತದ್ದು ಒಳ್ಳೆಯದಾಯಿತು ಎಂದೇ ನನ್ನ ಅಭಿಪ್ರಾಯ. ಆದರೆ ಅಲ್ಲಿ ಸಿಕ್ಕ ಆನೆಗಳು ನಮ್ಮೊಡನೆ ಬಹಳ ಕಾಲ ಇದ್ದವು. ದಸರೆಯಲ್ಲಿ 2012ರಿಂದ 2019ರವರೆಗೆ ಅಂಬಾರಿ ಹೊತ್ತ ಅರ್ಜುನ 1968ರಲ್ಲಿ ಇದೇ ಕಾಕನಕೋಟೆಯಲ್ಲಿ ಸಿಕ್ಕವನು. ಇಲ್ಲಿಂದ ಅಷ್ಟೇನೂ ದೂರವಿಲ್ಲದ ಬಳ್ಳೆ ಶಿಬಿರದಲ್ಲಿ ಅವನ ವಾಸ. 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯಲ್ಲಿ ಕಾಡಾನೆ ಹಿಡಿಯಲು ಹೋದಾಗ ಕಾಡಾನೆಯ ಜೊತೆ ಸೆಣಸಿ ಸತ್ತ. ಆ ದಿನ ಮೈಸೂರು ಸೀಮೆಯ ಮನೆಮನೆಯಲ್ಲಿ ಜನ ಅತ್ತರು. ಮಾವುತ ಗೋಳಾಡಿದ್ದನ್ನು ಟಿ.ವಿ.ಯಲ್ಲಿ ನೋಡಿ ನಮ್ಮ ಮನೆಯಲ್ಲೂ ಯಾರಿಗೂ ಊಟ ಸೇರಲಿಲ್ಲ. ಆನೆಯೊಂದನ್ನು ಇಷ್ಟು ಪ್ರೀತಿಯಿಂದ ನೆನೆಯುವ ಜನ ನಾವು. ಆನೆಯ ಕತ್ತಿನ ಮೇಲೆ ಕೂತು ಜಗತ್ತು ಗೆದ್ದ ನಮ್ಮದೇ ಹುಡುಗನ ಹೆಸರು ನಮ್ಮ ಮಕ್ಕಳಿಗೆ ಗೊತ್ತಿಲ್ಲ.

ಬಂಗಲೆಗೆ ವೈಸರಾಯ್ ಹೆಸರಿದೆ. ಅವರು ಬಂದು ಕೆಲವು ದಿನ ಇದ್ದು ಹೋದವರು. ಸಾಬು ಇಲ್ಲಿ ಹುಟ್ಟಿದವನು. 2024ಕ್ಕೆ ಅವನಿಗೆ ನೂರು ತುಂಬಿತು. ಎಚ್.ಡಿ. ಕೋಟೆಯ ಮೇಷ್ಟ್ರುಗಳಿಗೆ, ಮೈಸೂರಿನ ಚಿತ್ರಸಮಾಜದ ಗೆಳೆಯರಿಗೆ ನನ್ನದೊಂದು ಕೋರಿಕೆ. ‘ಎಲಿಫೆಂಟ್ ಬಾಯ್’ ಒಂದೂವರೆ ಗಂಟೆಗೂ ಚಿಕ್ಕ ಚಿತ್ರ. ಬರುವ ಜನವರಿ 27ಕ್ಕೆ ಕಾರಾಪುರದ ಶಾಲೆಯ ಗೋಡೆಗೆ ಒಂದು ಬಿಳಿ ಪಂಚೆ ಕಟ್ಟಿ ಅದನ್ನು ಮಕ್ಕಳಿಗೆ ತೋರಿಸಿ. ಹಾಡಿಗಳ ಮಕ್ಕಳನ್ನೂ, ಮಾವುತರ, ಕಾವಾಡಿಗಳ ಮಕ್ಕಳನ್ನೂ ಕರೆಯಿರಿ. ಪ್ರೊಜೆಕ್ಟರ್ ಇಲ್ಲವೆಂದರೆ ನಾನು ತರುತ್ತೇನೆ.